ರೆಫರಲ್ ಚೀಟಿ ಮೊದಲು, ಅಡ್ಮಿಷನ್ ಆಮೇಲೆ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಈ ಮಿತಿ ಇಡೀ ಮನೆಗೆ, ತಲೆಗಲ್ಲ.

ಕಾಯಿಲೆ ಬರುವ ಮೊದಲೇ ರೇಷನ್ ಕಾರ್ಡ್, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ. ಒಂದರಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮಿ’ ಇದ್ದರೆ ಕೌಂಟರಿನಲ್ಲಿ ಅಲ್ಲೇ ತಡೆ. ಸೊಸೆ, ಹೊಸ ಮಗುವಿನ ಹೆಸರು ಕಾರ್ಡಿಗೆ ಸೇರಿಸದೇ ಬಿಟ್ಟವರೂ ಬಹಳ.

ಆಪರೇಷನ್ ಬೇಕೆಂದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಸೌಲಭ್ಯ ಅಲ್ಲೇ ಇದ್ದರೆ ಅಲ್ಲೇ ಚಿಕಿತ್ಸೆ. ಇಲ್ಲದಿದ್ದರೆ ರೆಫರಲ್ ಚೀಟಿ ಬರೆಸಿಕೊಂಡು ಯೋಜನೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ. ಜನ ಎಡವುವುದು ಇಲ್ಲೇ: ಮೊದಲು ಖಾಸಗಿಯಲ್ಲಿ ದುಡ್ಡು ಕಟ್ಟಿ, ಆಮೇಲೆ ಚೀಟಿಗೆ ಓಡಾಡುತ್ತಾರೆ. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ.

ಒಳಗೆ ಹೋದೊಡನೆ ಬಿಲ್ಲಿಂಗ್ ಕೌಂಟರಿಗಲ್ಲ, ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಮೇಜಿಗೆ ಹೋಗಿ. ಚಿಕಿತ್ಸೆಗೆ ಯೋಜನೆಯ ಪೂರ್ವಾನುಮತಿ ಬಂತೇ ಎಂದು ಕೇಳಿ. ಬಿಪಿಎಲ್‌ನವರಿಗೆ ಹಾಸಿಗೆ, ಔಷಧ, ಪರೀಕ್ಷೆ ಎಲ್ಲ ಪ್ಯಾಕೇಜಿನಲ್ಲೇ ಸೇರಿರುತ್ತವೆ. ‘ಇದನ್ನು ಹೊರಗಡೆ ತನ್ನಿ’ ಎಂದರೆ ಸುಮ್ಮನೆ ಓಡಬೇಡಿ, ಬರೆದುಕೊಡಿ ಎನ್ನಿ. ಎಷ್ಟೋ ಸಲ ಆ ಮಾತಿಗೇ ಔಷಧ ಒಳಗೇ ಸಿಗುತ್ತದೆ. ಆದರೂ ಹಣ ಕೇಳಿದರೆ ರಸೀದಿ ಇಟ್ಟುಕೊಂಡು ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.

ಸಾವು ಸಂಭವಿಸಿದಾಗ ಬಾಕಿ ಹಣಕ್ಕಾಗಿ ಶವ ತಡೆಹಿಡಿಯುವಂತಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನಿಗೆ 2017ರಲ್ಲಿ ತಂದ ತಿದ್ದುಪಡಿ ಹೇಳುವುದು ಇದನ್ನೇ.