ಸೊಂಟ ಬಾಗಿಸದೆ ಬಾಗುವುದನ್ನು ಕಲಿತದ್ದು

ಮುಂಬೈನ ಮಾಟುಂಗದಲ್ಲಿರುವ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹಿಟ್ಟಿನ ಪಾತ್ರೆ ಎತ್ತಲು ಬಾಗಿದವನು ಅಂದು ನೆಟ್ಟಗಾಗಲೇ ಇಲ್ಲ. ವರ್ಷಗಟ್ಟಲೆ ಎತ್ತಿದ ಪಾತ್ರೆಯೇ ಅದು. ಬೆನ್ನಿನ ಕೆಳಭಾಗದ ಎಲ್-4, ಎಲ್-5 ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ನರವನ್ನು ಒತ್ತುತ್ತಿದೆ ಎಂದಿತು ಎಂಆರ್‌ಐ ವರದಿ. ಎಡಗಾಲಿನ ಹೆಬ್ಬೆರಳಿನವರೆಗೂ ಜುಮ್ಮೆನ್ನುತ್ತಿತ್ತು. ಸೀನು ಬಂದರೆ ಗೋಡೆ ಹಿಡಿಯುತ್ತಿದ್ದೆ.

ಗಲ್ಲಾದ ಮುಂದೆ ನಿಂತು ಸಲಹೆ ಕೊಟ್ಟವರೆಲ್ಲ ಹೇಳಿದ್ದು ಒಂದೇ: ಅಲುಗಾಡಬೇಡಿ, ಮಲಗಿರಿ. ಮೂರು ವಾರ ಮಲಗಿದೆ. ನೋವು ಹಾಗೆಯೇ ಉಳಿಯಿತು, ತೊಡೆ ಮಾತ್ರ ಸೊರಗಿತು.

ಆಮೇಲೆ ಹೋದದ್ದು ಫಿಸಿಯೋಥೆರಪಿಗೆ. ಅಲ್ಲಿನ ಚಿಕಿತ್ಸಕಿ ಧಾರವಾಡದ ಕಡೆಯವರು. ಮೂತ್ರದ ಹಿಡಿತ ತಪ್ಪಿದೆಯೇ, ತೊಡೆಸಂದಿ ಮರಗಟ್ಟಿದೆಯೇ, ನಡೆಯುವಾಗ ಪಾದ ಜೋತುಬೀಳುತ್ತದೆಯೇ ಎಂದು ಮೊದಲು ಕೇಳಿದರು. "ಇದರಲ್ಲಿ ಒಂದಿದ್ದರೂ ನೀವು ಇಲ್ಲಿಗೆ ಬರಬಾರದು ಅಣ್ಣಾ, ನೇರ ಆಸ್ಪತ್ರೆಗೆ ಓಡಬೇಕು" ಎಂದರು. ನನಗೆ ಯಾವುದೂ ಇರಲಿಲ್ಲ.

ಮೊದಲ ಪಾಠಕ್ಕೆ ಬೇಕಾದದ್ದು ನೆಲ ಒರೆಸುವ ಮಾಪ್‌ನ ಕೋಲು. ಅದನ್ನು ಬೆನ್ನಿಗೆ ಉದ್ದಕ್ಕೆ ಹಿಡಿದು, ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ ಮೂರೂ ಕೋಲಿಗೆ ತಾಗಿರುವಂತೆ ಬಾಗಬೇಕು. ನಾನು ಬಾಗಿದೊಡನೆ ಕೆಳಗಿನ ತುದಿ ಬಿಟ್ಟುಕೊಳ್ಳುತ್ತಿತ್ತು. ಅಂದರೆ ನಾನು ಮಡಚುತ್ತಿದ್ದದ್ದು ಸೊಂಟವನ್ನು. ಎರಡು ಕೈಯಲ್ಲೂ ತಟ್ಟೆ ಇರುವಾಗ ಅಡುಗೆಮನೆಯ ಅರೆಬಾಗಿಲನ್ನು ಹಿಂಭಾಗದಿಂದ ತಳ್ಳುತ್ತೇವಲ್ಲ, ಹಾಗೆ ತಳ್ಳಿ ನೋಡಿದೆ. ತೊಡೆ ಸೇರುವ ಕೀಲಿನಿಂದ ಮೈ ಮಡಚಿತು, ಕೋಲು ಅಲುಗಲಿಲ್ಲ. ನಲವತ್ತೇಳು ವರ್ಷ ತಪ್ಪಾಗಿ ಬಾಗಿದ್ದೆ ಎಂದು ನಾಚಿಕೆಯಾಯಿತು.

ನೆಲದ ಮೇಲಿನ ವ್ಯಾಯಾಮ ಮೂರೇ. ಕೆನಡಾದ ಬೆನ್ನುತಜ್ಞ ಸ್ಟುವರ್ಟ್ ಮೆಕ್‌ಗಿಲ್ ಪ್ರಚಾರಕ್ಕೆ ತಂದವು. ಅಂಗಾತ ಮಲಗಿ ಒಂದು ಮೊಣಕಾಲು ಮಡಚಿ, ಸೊಂಟದ ಕುಳಿಯಡಿ ಅಂಗೈಯಿಟ್ಟು, ತಲೆ ಮತ್ತು ಭುಜವನ್ನು ಒಂದಿಷ್ಟೇ ಎತ್ತುವುದು ಒಂದು. ಪಕ್ಕಕ್ಕೆ ಮಲಗಿ ಮೊಣಕೈ ಮತ್ತು ಮೊಣಕಾಲಿನ ಮೇಲೆ ಮೈ ಎತ್ತಿ ಹಿಡಿಯುವುದು ಇನ್ನೊಂದು. ಅಂಬೆಗಾಲಿನಲ್ಲಿದ್ದು ಬಲಗೈ, ಎಡಗಾಲು ಚಾಚಿ, ಆಮೇಲೆ ಬದಲಿಸುವುದು ಮೂರನೆಯದು. ಇದಕ್ಕೆ ಸೊಂಟದ ಮೇಲೆ ಅರ್ಧ ಲೋಟ ನೀರಿಟ್ಟುಕೊಳ್ಳುತ್ತಿದ್ದೆ. ಮೊದಲ ವಾರ ಚಾಪೆ ಒಣಗಲೇ ಇಲ್ಲ. ಒಂದೊಂದನ್ನೂ 10 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಉಸಿರು ಕಟ್ಟಬಾರದು. ಬೆಳಗ್ಗೆ ಎದ್ದ ಕೂಡಲೇ ಮಾಡುವುದಂತೂ ಬೇಡ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಊದಿರುತ್ತದೆ, ಆಗ ಬಾಗಿದರೆ ಅದರ ಮೇಲೆ ಒತ್ತಡ ಹೆಚ್ಚು. ಹಾಗಾಗಿ ಬೆಳಗಿನ ಮೊದಲ ಗಂಟೆ ನನಗೆ ನಡಿಗೆ ಮಾತ್ರ, ಫೈವ್ ಗಾರ್ಡನ್ಸ್ ಉದ್ಯಾನದ ಸುತ್ತ.

ಎರಡು ತಿಂಗಳಾದಾಗ ನನಗೆ ಸೊಕ್ಕು ಬಂತು. ವಿಡಿಯೊ ನೋಡಿ ಸಿಟ್-ಅಪ್ ಹೊಡೆದೆ, ಕಾಲಿನ ಜುಮ್ಮು ಎಂಟು ದಿನ ಮರಳಿ ಬಂತು. ಅಂದಿನಿಂದ ನನ್ನ ಅಳತೆಗೋಲು ಇದು: ನೋವು ಕಾಲಿನುದ್ದಕ್ಕೆ ಇಳಿಯುತ್ತಿದ್ದರೆ ನಿಲ್ಲಿಸು, ಕಾಲು ಬಿಟ್ಟು ಸೊಂಟದ ಕಡೆಗೆ ಸರಿಯುತ್ತಿದ್ದರೆ ಸರಿದಾರಿಯಲ್ಲಿದ್ದೀಯೆ. ಸ್ನಾಯು ದಣಿದ ನೋವು ಬೇರೆ, ಅದು ಎರಡು ದಿನದಲ್ಲಿ ಹೋಗುತ್ತದೆ.

ಭಾರಕ್ಕೆ ಜಿಮ್ ಬೇಕಾಗಲಿಲ್ಲ. 5 ಲೀಟರ್ ನೀರಿನ ಕ್ಯಾನ್ ಎಂದರೆ 5 ಕಿಲೋ. ಅದನ್ನು ಒಂದೇ ಕೈಯಲ್ಲಿ ಹಿಡಿದು, ಮೈ ವಾಲದಂತೆ ಮನೆಯ ಉದ್ದಕ್ಕೆ ನಡೆದೆ, ಕೈ ಬದಲಿಸಿ ಮರಳಿದೆ. ನಂತರ ಅದೇ ಕ್ಯಾನನ್ನು ಎದೆಗೆ ಅಪ್ಪಿ ಕುರ್ಚಿಯಲ್ಲಿ ಕುಳಿತು ಏಳುವುದು. ಒಂದು ತೂಕ ಎರಡು ವಾರ ಸಲೀಸಾಗದೆ ಮುಂದಿನದಕ್ಕೆ ಕೈ ಹಾಕಲಿಲ್ಲ. 25 ಕಿಲೋ ಅಕ್ಕಿ ಚೀಲಕ್ಕೆ ಬರಲು ಹನ್ನೊಂದು ತಿಂಗಳು ಹಿಡಿಯಿತು, ಅದೂ ಸ್ಟೂಲಿನ ಮೇಲಿಂದ.

ಹಿಟ್ಟಿನ ಪಾತ್ರೆಗೆ ಈಗ ಮೊಣಕಾಲೆತ್ತರದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದೇನೆ. ಊರಿನಿಂದ ಹೊಸದಾಗಿ ಬಂದ ಹುಡುಗ ಮೊನ್ನೆ ಪಾತ್ರೆಯನ್ನು ಕೈ ಚಾಚಿ ಎತ್ತಲು ಹೋದ. "ಮಾಣಿ, ಮೊದಲು ಹೊಟ್ಟೆಗೆ ತಾಗಿಸಿಕೋ" ಎಂದು ಗಲ್ಲಾದಿಂದಲೇ ಕೂಗಿದೆ.