ಕರೆಂಟ್ ಇಳಿಸಿದಾಗ ಚಿಮಣಿ ಹೊಗೆ ತಿಳಿಯಾಯಿತು

ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಇಎಸ್‌ಪಿ ನೋಡಿಕೊಳ್ಳುವುದು ನನ್ನ ಕೆಲಸ. ಹೊಗೆಯಲ್ಲಿರುವ ಬೂದಿಗೆ ಚಾರ್ಜ್ ಕೊಟ್ಟು ಪ್ಲೇಟಿಗೆ ಸೆಳೆಯುವ ಯಂತ್ರ ಅದು. ನಮ್ಮದು 210 ಮೆಗಾವ್ಯಾಟ್‌ನ ಹಳೇ ಯೂನಿಟ್. ಕೇಂದ್ರ ಪರಿಸರ ಸಚಿವಾಲಯದ 2015ರ ನಿಯಮದಂತೆ 2003ರ ಡಿಸೆಂಬರ್ 31ಕ್ಕಿಂತ ಮೊದಲು ಸ್ಥಾಪಿಸಿದ ಯೂನಿಟ್‌ಗಳಿಗೆ ಒಂದು ಘನ ಮೀಟರ್ ಹೊಗೆಯಲ್ಲಿ 100 ಮಿಲಿಗ್ರಾಂ ದೂಳಿನ ಮಿತಿ. 2017ರಿಂದ ಈಚಿನವಕ್ಕೆ ಬರೀ 30.

ದೂಳು ಜಾಸ್ತಿಯಾದರೆ ಎಲ್ಲರೂ ಹೇಳುವುದು ಇಎಸ್‌ಪಿಗೆ ಕೊಡುವ ಕರೆಂಟ್ ಏರಿಸಿ ಅಂತ. ನಮ್ಮ ದೇಶದ ಕಲ್ಲಿದ್ದಲಿಗೆ ಇದು ಒಗ್ಗುವುದಿಲ್ಲ. ಅದರಲ್ಲಿ ಬೂದಿ ಜಾಸ್ತಿ, ಗಂಧಕ ಕಡಿಮೆ. ಅಂಥ ಬೂದಿಯಲ್ಲಿ ಕರೆಂಟ್ ಸಲೀಸಾಗಿ ಹರಿಯದು. ಪ್ಲೇಟಿನ ಮೇಲಿನ ಬೂದಿ ಪದರದಲ್ಲೇ ಚಾರ್ಜ್ ಕಟ್ಟಿಕೊಂಡು, ಕೊನೆಗೆ ಸಿಡಿದು, ವಿರುದ್ಧ ಚಾರ್ಜ್ ವಾಪಸ್ ಚಿಮ್ಮುತ್ತದೆ. ಬ್ಯಾಕ್ ಕರೋನಾ ಅನ್ನುವುದು ಇದಕ್ಕೇ. ಪ್ಯಾನೆಲ್‌ನಲ್ಲಿ ಮಿಲಿಯಾಂಪ್ ಏರುತ್ತಾ ಕಿಲೋವೋಲ್ಟ್ ಇಳಿಯತೊಡಗಿದರೆ ಅದು ಶುರುವಾಯಿತು ಅಂತಲೇ ಲೆಕ್ಕ.

ನಾವು ಚಾರ್ಜ್ ರೇಶಿಯೋ ಬದಲಿಸಿದೆವು. ಅಂದರೆ ಕರೆಂಟಿನ ಒಂದು ಪಲ್ಸ್ ಕೊಟ್ಟು ಮುಂದಿನ ಕೆಲವನ್ನು ಬಿಡುವುದು. ಆ ಬಿಡುವಿನಲ್ಲಿ ಪದರದ ಚಾರ್ಜ್ ಇಳಿದುಹೋಗುತ್ತದೆ. ಎಲ್ಲ ಫೀಲ್ಡ್‌ಗಳನ್ನೂ (ಹೊಗೆ ಒಂದಾದ ಮೇಲೊಂದು ದಾಟುವ ಇಎಸ್‌ಪಿಯ ವಿಭಾಗಗಳು) ಒಟ್ಟಿಗೆ ಮುಟ್ಟಲಿಲ್ಲ. ಒಂದೊಂದನ್ನೇ ಬದಲಿಸಿ ಹೊಗೆ ಎಷ್ಟು ದಟ್ಟ ಅಂತ ತೋರಿಸುವ ಒಪಾಸಿಟಿ ಮೀಟರ್ ನೋಡಿದೆವು. ಕರೆಂಟ್ ಕಡಿಮೆಯಾಯಿತು, ದೂಳೂ ಇಳಿಯಿತು! ಆಮೇಲೆ ಕೊನೆಯ ಫೀಲ್ಡ್‌ನ ಪ್ಲೇಟಿನ ಬೂದಿ ಉದುರಿಸುವ ಸುತ್ತಿಗೆ ಬಡಿತವನ್ನು ವಿರಳ ಮಾಡಿದೆವು. ಅಲ್ಲಿ ಕೂರುವುದು ತೀರಾ ಸಣ್ಣ ಕಣ. ಪದೇ ಪದೇ ಬಡಿದರೆ ಅದು ಕೆಳಗೆ ಬೂದಿ ಸೇರುವ ಹಾಪರ್‌ಗೆ ಬೀಳದೆ ಸೀದಾ ಚಿಮಣಿಗೆ ಹೋಗುತ್ತದೆ.

ಇನ್ನು ಕಲ್ಲಿದ್ದಲಿನಲ್ಲಿರುವ ಪಾದರಸ. ನಿಯಮದಲ್ಲಿ ಒಂದು ಘನ ಮೀಟರ್ ಹೊಗೆಗೆ 0.03 ಮಿಲಿಗ್ರಾಂ ಮಿತಿಯಿದೆ, ಆದರೆ ಹಳೇ ಯೂನಿಟ್‌ಗಳ ಪೈಕಿ 500 ಮೆಗಾವ್ಯಾಟ್ ಮತ್ತು ಅದಕ್ಕೂ ದೊಡ್ಡವಕ್ಕೆ ಮಾತ್ರ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಸಣ್ಣ ಯೂನಿಟ್‌ನ ಪಾದರಸವೂ ಕೆರೆ ಸೇರಿ, ಮೀನು ಸೇರಿ, ನಮ್ಮ ತಟ್ಟೆಗೇ ಬರುತ್ತದೆ ಅಲ್ವಾ?

ಬಾಯ್ಲರ್‌ನಲ್ಲಿ ಪಾದರಸ ಆವಿಯಾಗುತ್ತದೆ. ಹೊಗೆ ತಣಿದಂತೆ ಒಂದಷ್ಟು ಭಾಗ ಸುಡದೆ ಉಳಿದ ಇಂಗಾಲದ ಕಣಕ್ಕೆ ಅಂಟುತ್ತದೆ. ಅಂಟಿದ್ದನ್ನು ಇಎಸ್‌ಪಿ ಹಿಡಿಯುತ್ತದೆ, ಬರೀ ಆವಿಯನ್ನು ಹಿಡಿಯಲಾರದು. ಹಾಗಾಗಿ ಹೊಗೆಯ ಶಾಖದಿಂದ ಬಾಯ್ಲರ್‌ನ ಗಾಳಿ ಕಾಯಿಸುವ ಏರ್ ಪ್ರೀಹೀಟರ್ ಚೊಕ್ಕ ಮಾಡಿಸಿ ಹೊಗೆಯ ಶಾಖ ಇಳಿಸಿದೆವು. ಇಲ್ಲಿ ಥರ್ಮಾಮೀಟರ್ ಒಂದನ್ನೇ ನಂಬಬೇಡಿ. ಸಂದಿಯಿಂದ ತಣ್ಣನೆ ಗಾಳಿ ನುಗ್ಗಿದರೂ ಶಾಖ ಕಡಿಮೆ ತೋರಿಸುತ್ತದೆ. ಆಗ ಹೊಗೆಯ ವೇಗ ಏರಿ ದೂಳು ತಪ್ಪಿಸಿಕೊಳ್ಳುತ್ತದೆ. ಪ್ರೀಹೀಟರ್‌ನ ಹಿಂದೆ ಮುಂದೆ ಆಕ್ಸಿಜನ್ ಅಳೆದರೆ ಸೋರಿಕೆ ಗೊತ್ತಾಗುತ್ತದೆ.

ಹಿಡಿದ ಬೂದಿ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಬೇಕು. ಸಿಮೆಂಟ್ ಕಾರ್ಖಾನೆಯಲ್ಲಿ ಅದನ್ನು ಕ್ಲಿಂಕರ್ (ಗೂಡಿನಲ್ಲಿ ಸುಟ್ಟ ಸಿಮೆಂಟಿನ ಗಟ್ಟಿ) ಜೊತೆ ಅರೆದರೆ ಪಾದರಸ ಬಹುಪಾಲು ಅಲ್ಲೇ ಉಳಿಯುತ್ತದೆ. ಕಚ್ಚಾ ಸಾಮಗ್ರಿಯಾಗಿ ಗೂಡಿಗೆ ಹಾಕಿದರೆ ಮತ್ತೆ ಆವಿಯಾಗಿ ಹೊರಡುತ್ತದೆ.