ಹಗಲಿನ ಗೋಡೆ, ರಾತ್ರಿಯ ಗೋಡೆ: ಚಿತ್ತಾಪುರ ತಾಲ್ಲೂಕಿನ ಒಂದು ವಸತಿ ಶಾಲೆ ಕಟ್ಟಿಸಿದ ಅನುಭವ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಒಂದು ಶಾಲೆಯ ತರಗತಿ ಕಟ್ಟಡವನ್ನೂ ಅದೇ ಆವರಣದಲ್ಲಿ ಬಾಲಕಿಯರ ವಸತಿ ನಿಲಯವನ್ನೂ ವಿನ್ಯಾಸ ಮಾಡಿ ಕಟ್ಟಿಸುವ ಹೊಣೆ ನನಗೆ ಬಂದಾಗ, ಆಡಳಿತ ಮಂಡಳಿಯವರು ‘ಗ್ರೀನ್ ಬಿಲ್ಡಿಂಗ್’ ಆಗಬೇಕು ಎಂದಿದ್ದರು. ಛತ್ತಿನ ಮೇಲೆ ಸೋಲಾರ್, ಮುಂದುಗಡೆ ಹುಲ್ಲುಹಾಸು ಇದ್ದರೆ ಸಾಕು ಎಂಬುದು ಅವರ ಎಣಿಕೆಯಾಗಿತ್ತು. ನಾನು ಅವರಿಂದ ಮೊದಲು ಕೇಳಿ ಪಡೆದದ್ದು ವೇಳಾಪಟ್ಟಿ: ಪಾಠ ಎಷ್ಟಕ್ಕೆ ಆರಂಭವಾಗಿ ಎಷ್ಟಕ್ಕೆ ಮುಗಿಯುತ್ತದೆ, ಮಕ್ಕಳು ಎಷ್ಟು ಗಂಟೆಗೆ ಮಲಗುತ್ತಾರೆ, ಬೇಸಿಗೆ ರಜೆಯಲ್ಲಿ ನಿಲಯ ಖಾಲಿ ಇರುತ್ತದೆಯೇ, ಸಂಜೆ ಕಿಟಕಿ ಬಾಗಿಲು ಹಾಕುವವರು ಯಾರು. ನಮ್ಮ ಬಿಸಿಲಿನಲ್ಲಿ ಗೋಡೆ ಎಷ್ಟು ದಪ್ಪವಿರಬೇಕು, ಯಾವುದರಿಂದ ಕಟ್ಟಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಗಂಟೆಗಳೇ.

ಬಿಸಿಲಿಗೆ ಕಾದ ಗೋಡೆಯ ಹೊರಮೈಯಿಂದ ಶಾಖವು ಒಳಮೈ ತಲುಪಲು ಸಮಯ ಹಿಡಿಯುತ್ತದೆ. ಐದು ಇಂಚಿನ ಕಾಂಕ್ರೀಟ್ ಛತ್ತಿನಲ್ಲಿ ಅದು ಮೂರು–ನಾಲ್ಕು ಗಂಟೆಯ ಮಾತು. ಹದಿನೈದು ಇಂಚಿನ ಕಲ್ಲಿನ ಗೋಡೆಯಲ್ಲಿ ಸುಮಾರು ಹತ್ತು ಗಂಟೆ. ಅಂದರೆ ಪಶ್ಚಿಮದ ಕಲ್ಲಿನ ಗೋಡೆ ಸಂಜೆ ನಾಲ್ಕಕ್ಕೆ ಕುಡಿದ ಬಿಸಿಲನ್ನು ಕೋಣೆಯೊಳಗೆ ಬಿಡುವುದು ನಡುರಾತ್ರಿ ದಾಟಿದ ಮೇಲೆ. ಆಗ ತರಗತಿಯಲ್ಲಿ ಯಾರೂ ಇರುವುದಿಲ್ಲ, ಹೊರಗಿನ ಗಾಳಿಯೂ ತಣಿದಿರುತ್ತದೆ. ಆದ್ದರಿಂದ ತರಗತಿಗೆ ದಪ್ಪ ಕಲ್ಲಿನ ಗೋಡೆ ಬಲು ಒಪ್ಪುತ್ತದೆ. ಅದೇ ಗೋಡೆಯನ್ನು ವಸತಿ ನಿಲಯಕ್ಕೆ ಕಟ್ಟಿದರೆ, ಹಗಲೆಲ್ಲ ಖಾಲಿ ಬಿದ್ದ ಕೋಣೆ ತಂಪಾಗಿದ್ದು, ಮಕ್ಕಳು ಮಲಗುವ ಹೊತ್ತಿಗೆ ಸರಿಯಾಗಿ ಕಾವು ಬಿಡಲು ಶುರು ಮಾಡುತ್ತದೆ.

ಹಿಂದಿನವರು ದಪ್ಪ ಗೋಡೆ ಕಟ್ಟಿ ತಂಪಾಗಿದ್ದರಲ್ಲ ಎಂಬ ಮಾತನ್ನು ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಹೇಳುತ್ತಾರೆ. ನಿಜ, ಆದರೆ ಹಿಂದಿನವರು ಏಪ್ರಿಲ್–ಮೇ ತಿಂಗಳಲ್ಲಿ ರಾತ್ರಿ ಆ ಗೋಡೆಗಳ ನಡುವೆ ಮಲಗುತ್ತಿರಲಿಲ್ಲ. ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಿದ್ದರು, ಇಲ್ಲವೇ ಅಂಗಳಕ್ಕೆ ಹೊರಸು ತರುತ್ತಿದ್ದರು. ನಿಲಯದ ಹೆಣ್ಣುಮಕ್ಕಳನ್ನು ಛತ್ತಿನ ಮೇಲೆ ಮಲಗಿಸಲು ವಾರ್ಡನ್ ಒಪ್ಪುವುದಿಲ್ಲ, ಒಪ್ಪಬೇಕಾದದ್ದೂ ಇಲ್ಲ. ಹೀಗಾಗಿ ಮಾಳಿಗೆ ಮಾಡುತ್ತಿದ್ದ ಕೆಲಸವನ್ನು ಕೋಣೆಯೇ ಮಾಡುವಂತೆ ಕಟ್ಟಬೇಕಾಯಿತು. ಒಂದೇ ಆವರಣದಲ್ಲಿ ಎರಡು ಬಗೆಯ ಗೋಡೆ ಯಾಕೆ, ಒಂದೇ ಟೆಂಡರಿನಲ್ಲಿ ಒಂದೇ ಬಗೆ ಮುಗಿಸಬಾರದೇ ಎಂದು ಕೇಳಿದವರಿಗೆ ನಾನು ಕೊಟ್ಟ ಉತ್ತರ ಇಷ್ಟೇ.

ತರಗತಿಯ ಗೋಡೆಗೆ ಕಲ್ಲು ದೂರದಿಂದ ತರಬೇಕಾಗಿರಲಿಲ್ಲ. ಶಹಾಬಾದ, ಚಿತ್ತಾಪುರ, ಸೇಡಂ ಭಾಗದ ಖಣಿಗಳಲ್ಲಿ ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು, ತೆಗೆದು ಅಂಚು ಕತ್ತರಿಸಿದ ಮೇಲೆ ಉಳಿಯುವ ತುಂಡುಗಳು ರಸ್ತೆಯ ಬದಿಗೆ ದಿಬ್ಬದಂತೆ ಬಿದ್ದಿರುತ್ತವೆ. ಇದೇ ಸುಣ್ಣದ ಕಲ್ಲನ್ನು ವಾಡಿಯಂಥ ಕಡೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಅರೆದರೆ ಸಿಮೆಂಟ್ ಆಗುವ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳನ್ನು ಮಾಡುತ್ತಾರೆ. ಸುಡುವಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಕೂಡ ಹೊರಬೀಳುತ್ತದೆ. ಸುಡದೆ, ಪಾಲಿಶ್ ಮಾಡದೆ, ಹತ್ತಿರದಲ್ಲೇ ಸಿಗುವ ತುಂಡನ್ನು ಗೋಡೆಗೆ ಬಳಸುವುದಕ್ಕಿಂತ ಅಗ್ಗದ ಪರಿಸರಸ್ನೇಹಿ ಕೆಲಸ ನಮ್ಮ ಜಿಲ್ಲೆಯಲ್ಲಿ ನನಗೆ ಕಂಡಿಲ್ಲ. ಬೆಂಗಳೂರಿನ ಕಡೆ ಜನಪ್ರಿಯವಾಗಿರುವ, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಕೆಲವರು ಸೂಚಿಸಿದರು. ಅದು ಕೆಂಪುಮಣ್ಣಿನ ಸೀಮೆಗೆ ಒಳ್ಳೆಯದು. ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವ ನಮ್ಮ ಎರೆಮಣ್ಣಿನಿಂದ ಅದನ್ನು ಮಾಡಲು ಹೋಗುವುದು ವ್ಯರ್ಥ, ಕೆಂಪುಮಣ್ಣನ್ನು ಲಾರಿಯಲ್ಲಿ ತರಿಸಿದರೆ ಉಳಿತಾಯದ ಮಾತೇ ಉಳಿಯುವುದಿಲ್ಲ.

ಫರಸಿ ತುಂಡಿನ ಗೋಡೆಗೆ ಕೆಲವು ಕಟ್ಟುನಿಟ್ಟುಗಳಿವೆ. ಈ ಕಲ್ಲು ಪದರ ಪದರವಾಗಿ ಕೂಡಿದ್ದು, ಭೂಮಿಯಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ ಮಲಗಬೇಕು. ಹಾಳೆಯನ್ನು ನಿಲ್ಲಿಸಿ ಮುಖಕ್ಕೆ ಅಂಟಿಸಿದರೆ ವರ್ಷಗಳು ಕಳೆದಂತೆ ಪದರ ಏಳುತ್ತದೆ. ಕಟರ್‌ನಿಂದ ನಯವಾದ ಮುಖಕ್ಕೆ ಗಾರೆ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಆ ಮುಖವನ್ನು ಗೋಡೆಯ ಹೊರಕ್ಕೆ ಕಾಣುವಂತೆ ಇಟ್ಟು, ಒರಟು ಮುಖಗಳು ಮಾತ್ರ ಗಾರೆಗೆ ಬರುವಂತೆ ಆರಿಸಿ ಕೊಡಲು ಇಬ್ಬರು ಹೆಣ್ಣಾಳುಗಳನ್ನು ಇಟ್ಟಿದ್ದೆ. ಅವರ ಕೈಗೆ ಕೆಲವೇ ದಿನಗಳಲ್ಲಿ ಎಂಥ ಹದ ಬಂತೆಂದರೆ, ಗೌಂಡಿ ಕೈಚಾಚುವ ಮೊದಲೇ ಸಂದಿಗೆ ಹೊಂದುವ ತುಂಡು ಹಲಗೆಯ ಮೇಲೆ ಬಂದಿರುತ್ತಿತ್ತು. ಹಿರಿಯ ಗೌಂಡಿ ಮಾತ್ರ ದಾರ ಹಿಡಿದು ಅಗಲ ಅಳೆದ ದಿನವೇ ನಕ್ಕಿದ್ದರು: “ಸಾಹೇಬ್ರ, ಸಾಲಿಗಿ ಇಷ್ಟ್ ದಪ್ಪ ಗ್ವಾಡಿ ಯಾಕ್ರಿ? ಇದೇನ್ ಕಿಲ್ಲಾ ಕಟ್ಲಾಕತ್ತೀವೇನ್ರಿ?”

ನಗುವಿನ ಹಿಂದೆ ಒಂದು ಭಯವೂ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಆಳಂದ, ಬೀದರ್ ಕಡೆಯ ಊರುಗಳೂ ನಡುಗಿದ್ದವು. ಅಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡದ್ದು ಕಲ್ಲಿನ ಗೋಡೆಗಳೇ ಎಂಬುದು ಈ ಭಾಗದ ಹಿರಿಯರಿಗೆಲ್ಲ ಗೊತ್ತು. ಆಡಳಿತ ಮಂಡಳಿಯ ಹಿರಿಯರೊಬ್ಬರು ಕಲ್ಲು ಬೇಡವೇ ಬೇಡ ಎಂದು ಪಟ್ಟು ಹಿಡಿದರು. ಅವರ ಹೆದರಿಕೆ ಸುಳ್ಳಲ್ಲವಾದ್ದರಿಂದ ಅದಕ್ಕೆ ವಿವರವಾಗಿಯೇ ಉತ್ತರಿಸಬೇಕಾಯಿತು. ಕಿಲ್ಲಾರಿಯ ಮನೆಗಳ ಗೋಡೆಗಳು ಬಹಳ ದಪ್ಪ, ಆದರೆ ಒಳಮುಖ ಹೊರಮುಖ ಬೇರೆಬೇರೆಯಾಗಿ ನಿಂತು, ನಡುವೆ ಚೂರುಕಲ್ಲು ತುಂಬಿ, ಬರೀ ಮಣ್ಣಿನ ಗಾರೆಯಲ್ಲಿ ಕಟ್ಟಿದಂಥವು. ಎರಡು ಮುಖಗಳನ್ನು ಹಿಡಿದಿಡುವ ಕಲ್ಲು ಇರಲಿಲ್ಲ, ಮೂಲೆಗಳಿಗೆ ಬಿಗಿ ಇರಲಿಲ್ಲ, ತಲೆಯ ಮೇಲೆ ಮಣ್ಣಿನ ಛಾವಣಿಯ ಭಾರ ಬೇರೆ. ಭಾರತೀಯ ಮಾನಕಗಳಾದ ಐಎಸ್ 4326 ಮತ್ತು ಐಎಸ್ 13828 ಇಂಥ ದೋಷಗಳಿಗೆ ದಾರಿ ಹೇಳುತ್ತವೆ: ಕಲ್ಲಿನ ಗೋಡೆ 450 ಮಿ.ಮೀ.ಗಿಂತ ದಪ್ಪವಾಗಬಾರದು, ಪ್ರತಿ 600 ಮಿ.ಮೀ. ಎತ್ತರಕ್ಕೆ, ಅಡ್ಡಕ್ಕೆ 1.2 ಮೀಟರ್ ಮೀರದಂತೆ, ಗೋಡೆಯ ಪೂರ್ತಿ ಅಗಲಕ್ಕೆ ಚಾಚುವ ಥ್ರೂ ಕಲ್ಲು ಇಡಬೇಕು. ಪ್ಲಿಂತ್ (ಅಡಿಪಾಯದ ಮೇಲಿನ ನೆಲಗಟ್ಟು) ಮತ್ತು ಲಿಂಟಲ್ (ಬಾಗಿಲು ಕಿಟಕಿಗಳ ತಲೆ) ಮಟ್ಟದಲ್ಲಿ ಕಟ್ಟಡದ ಸುತ್ತಲೂ ಕಾಂಕ್ರೀಟಿನ ಪಟ್ಟಿ ಬಿಗಿಯಬೇಕು, ಮೂಲೆಗಳಲ್ಲಿ ಕಬ್ಬಿಣದ ಸರಳು ನಿಲ್ಲಿಸಬೇಕು. ನಾವು ಥ್ರೂ ಕಲ್ಲಿನ ಎರಡೂ ತುದಿಗೆ ಸುಣ್ಣದ ಬೊಟ್ಟು ಇಡಿಸಿದೆವು. ಹೊರಗೆ ನಿಂತು ಬೊಟ್ಟುಗಳನ್ನು ಎಣಿಸಿದರೆ ಲೆಕ್ಕ ಸಿಗುತ್ತಿತ್ತು, ಒಳಗೆ ಅದೇ ಜಾಗದಲ್ಲಿ ಬೊಟ್ಟು ಕಾಣದಿದ್ದರೆ ಆ ಸಾಲನ್ನು ಬಿಚ್ಚಿಸಬಹುದಿತ್ತು. ಆ ಹಿರಿಯರೇ ವಾರಕ್ಕೊಮ್ಮೆ ಬಂದು ಎಣಿಸುತ್ತಿದ್ದರು. ನನಗೆ ಅದಕ್ಕಿಂತ ಒಳ್ಳೆಯ ಮೇಲ್ವಿಚಾರಕರು ಸಿಗುತ್ತಿರಲಿಲ್ಲ.

ಸಿದ್ಧ ದರಪಟ್ಟಿಯಲ್ಲಿ ಫರಸಿ ತುಂಡಿನ ಗೋಡೆ ಎಂಬ ಬಾಬತ್ತು ಇರಲಿಲ್ಲವಾದ್ದರಿಂದ, ಒಂದು ಘನ ಮೀಟರಿಗೆ ಎಷ್ಟು ಆಳು, ಎಷ್ಟು ಗಾರೆ ಎಂದು ಮಾದರಿ ಗೋಡೆ ಕಟ್ಟಿಸಿಯೇ ದರ ವಿಶ್ಲೇಷಣೆ ಮಾಡಬೇಕಾಯಿತು. ಕಲ್ಲಿನ ಬೆಲೆ ಕಡಿಮೆ, ಕೂಲಿ ಹೆಚ್ಚು. ಹಣ ಸಿಮೆಂಟ್ ಅಂಗಡಿಗೆ ಹೋಗುವ ಬದಲು ಊರಿನ ಕೈಗಳಿಗೆ ಹೋಯಿತು.

ಯಾವ ಕಟ್ಟಡ ಎಲ್ಲಿ ನಿಲ್ಲಬೇಕು ಎಂಬುದನ್ನು ಮಣ್ಣು ಹೇಳಿತು. ಜಾಗದ ಒಂದು ಬದಿಯಲ್ಲಿ ಎರೆಮಣ್ಣಿನ ಅಡಿ ಅಲ್ಪ ಆಳದಲ್ಲೇ ಕಲ್ಲಿನ ಹಾಸು ಸಿಕ್ಕಿತು, ಇನ್ನೊಂದು ಬದಿಯಲ್ಲಿ ಎರೆ ಆಳವಾಗಿತ್ತು. ಭಾರದ ತರಗತಿ ಕಟ್ಟಡವನ್ನು ಕಲ್ಲಿನ ಮೇಲೆ ಕೂರಿಸಿ, ಹಗುರ ನಿಲಯವನ್ನು ಆಳದ ಎರೆಯ ಕಡೆಗೆ ಒಯ್ದು ಅದಕ್ಕೆ ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ, ಹಾಕಿದೆವು. ಈ ಪೈಲಿನ ತಳದಲ್ಲಿ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆ ಇರುತ್ತದೆ. ಮೇಲಿನ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿದರೂ, ತೇವ ಅಷ್ಟಾಗಿ ಏರಿಳಿಯದ ಆಳದಲ್ಲಿ ಗಡ್ಡೆ ಕಚ್ಚಿ ನಿಂತಿರುತ್ತದೆ. ಪೈಲುಗಳ ಮೇಲಿನ ತೊಲೆಯ ಅಡಿ ಮಣ್ಣಿಗೆ ತಾಗದಂತೆ ಸಂದಿ ಬಿಡದಿದ್ದರೆ ಉಬ್ಬುವ ಮಣ್ಣು ತೊಲೆಯನ್ನೇ ಎತ್ತುತ್ತದೆ. ನೆರಳಿನ ಮರಗಳ ವಿಷಯದಲ್ಲೂ ಎರೆಭೂಮಿಯಲ್ಲಿ ಔದಾರ್ಯ ಸಲ್ಲದು. ಬೇವು ಗೋಡೆಗೆ ಹತ್ತಿರವಿದ್ದರೆ ಬೇರು ತೇವ ಹೀರಿ ಒಂದು ಮೂಲೆಯನ್ನು ಕೆಳಗಿಳಿಸುತ್ತದೆ. ಪಶ್ಚಿಮಕ್ಕೆ ಬೇವಿನ ಸಾಲು ನೆಟ್ಟೆವು, ಆದರೆ ಮರ ಬೆಳೆದು ಮುಟ್ಟುವ ಎತ್ತರಕ್ಕಿಂತ ಹೆಚ್ಚು ದೂರದಲ್ಲಿ.

ಬೆಳಕಿನ ವಿಷಯದಲ್ಲಿ ಕೋಣೆಗಳು ಪೂರ್ವ–ಪಶ್ಚಿಮವಾಗಿ ಸಾಲಾಗಿ ನಿಂತು, ಕಿಟಕಿಗಳು ಉತ್ತರ ದಕ್ಷಿಣಕ್ಕೆ ಮಾತ್ರ ಇವೆ. ಕಪ್ಪುಹಲಗೆ ಪೂರ್ವದ ಗೋಡೆಗೆ: ಆಗ ಮಕ್ಕಳು ಪೂರ್ವಕ್ಕೆ ಮುಖ ಮಾಡಿ ಕೂರುತ್ತಾರೆ, ಉತ್ತರದ ಮೃದು ಬೆಳಕು ಎಡಗಡೆಯಿಂದ ಬರುತ್ತದೆ, ಬಲಗೈಯಲ್ಲಿ ಬರೆಯುವವರಿಗೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಪಶ್ಚಿಮದ ತುದಿಗೆ ಮೆಟ್ಟಿಲು ಮತ್ತು ಉಗ್ರಾಣ. ಉತ್ತರಕ್ಕೆ ಬಿಸಿಲು ಬೀಳುವುದಿಲ್ಲ, ಅಲ್ಲಿ ಛಜ್ಜಾ ಯಾಕೆ ಎಂಬ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೆಯ ವಾರದಿಂದ ಆಗಸ್ಟ್ ಆರಂಭದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಶಾಲೆ ಪುನರಾರಂಭವಾಗುವುದೂ ಮಳೆ ಇನ್ನೂ ಹಿಡಿಯದ ಆ ದಿನಗಳಲ್ಲೇ. ಆದ್ದರಿಂದ ಪಡಸಾಲೆಯನ್ನು ಉತ್ತರಕ್ಕೆ ಕೊಟ್ಟು, ದಕ್ಷಿಣದ ಕಿಟಕಿಗಳಿಗೆ ಎರಡೂವರೆ ಅಡಿ ಛಜ್ಜಾ ಹಾಕಿದೆವು. ಮಾರ್ಚ್ 21ರ ಹೊತ್ತಿಗೆ ನಡುಹಗಲಿನಲ್ಲಿ ಅಷ್ಟು ಛಜ್ಜಾ ಸುಮಾರು ಎಂಟು ಅಡಿ ಎತ್ತರದ ಗೋಡೆಗೆ ನೆರಳು ಕೊಡುತ್ತದೆ.

ಕಲ್ಲಿನ ಗೋಡೆಯ ಲಾಭವೆಲ್ಲ ನಿಂತಿರುವುದು ರಾತ್ರಿಯ ಗಾಳಿಯ ಮೇಲೆ. ಇಲ್ಲೊಂದು ಅಡ್ಡಿಯಿದೆ: ಯಾವ ಶಾಲೆಯಲ್ಲಾದರೂ ಐದು ಗಂಟೆಯಾಯಿತೆಂದರೆ ಜವಾನ ಎಲ್ಲ ಕಿಟಕಿಗಳನ್ನು ಭದ್ರವಾಗಿ ಹಾಕಿ ಬೀಗ ಜಡಿಯುತ್ತಾನೆ. ಗೋಡೆ ರಾತ್ರಿಯಿಡೀ ಬಿಟ್ಟ ಕಾವು ಒಳಗೇ ಉಳಿದು ಬೆಳಿಗ್ಗೆ ಮಕ್ಕಳಿಗೆ ಸಿಗುತ್ತದೆ. ಹಗಲಿನಲ್ಲಿ ಇದಕ್ಕೆ ತಿರುಗಾಮುರುಗಾ: ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ ಇರುವಾಗ ಕಿಟಕಿಗಳನ್ನೆಲ್ಲ ತೆರೆದಿಟ್ಟು ಬಿಸಿಗಾಳಿಯನ್ನು ಒಳಗೆ ಕರೆಯುತ್ತೇವೆ. ಆದ್ದರಿಂದ ಕಿಟಕಿಯಿಂದ ಬೇರೆಯಾಗಿ, ನೆಲದಿಂದ ಒಂದು ಅಡಿ ಮೇಲೆ ಒಂದು ಸಾಲು, ಛತ್ತಿನ ಕೆಳಗೆ ಒಂದು ಸಾಲು ಗಾಳಿಗಂಡಿಗಳನ್ನು ಬಿಟ್ಟು, ಅವಕ್ಕೆ ಕಬ್ಬಿಣದ ಸರಳು, ಸೊಳ್ಳೆ ಜಾಳಿಗೆ ಮತ್ತು ಹಗ್ಗ ಎಳೆದರೆ ಮುಚ್ಚುವ ಹಲಗೆ ಹಾಕಿಸಿದೆವು. ಕಿಟಕಿಗೆ ಬೀಗ ಬಿದ್ದರೂ ಗಂಡಿಗಳು ರಾತ್ರಿ ತೆರೆದೇ ಇರುತ್ತವೆ. ಕೆಳಗಿನಿಂದ ತಂಪು ಗಾಳಿ ಒಳಬಂದು, ಕಾದ ಗಾಳಿ ಮೇಲಿನಿಂದ ಹೋಗುತ್ತದೆ. ಹಗ್ಗ ಎಳೆಯುವವರು ಯಾರು? ಜವಾನನಿಗೆ ಹೇಳಿದರೆ ನಡೆಯುವ ಕೆಲಸವಲ್ಲ. ಮುಖ್ಯ ಶಿಕ್ಷಕಿಯವರು ಶಾಲಾ ಸಂಸತ್ತಿನಲ್ಲಿ ಗಾಳಿ ಮಂತ್ರಿಯ ಖಾತೆಯೊಂದನ್ನು ತೆರೆದು ಈ ತೊಡಕನ್ನು ಬಿಡಿಸಿದರು. ಹತ್ತೂವರೆಗೆ ಹಲಗೆ ಮುಚ್ಚುವುದು, ಸಂಜೆ ತೆರೆಯುವುದು ಆ ಮಂತ್ರಿಯ ಹೊಣೆ. ಈ ಖಾತೆಗೆ ಚುನಾವಣೆಯಲ್ಲಿ ಪೈಪೋಟಿ ಇದೆ ಎಂದು ಕೇಳಿದ್ದೇನೆ.

ನಿಲಯದ ಲೆಕ್ಕವೇ ಬೇರೆ. ಗೋಡೆಗೆ ಹಾರುಬೂದಿ ಇಟ್ಟಿಗೆ, ಅದೂ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಉಳಿಯುವಂತೆ ಕಟ್ಟುವ ರ‍್ಯಾಟ್ ಟ್ರ್ಯಾಪ್ ಬಾಂಡ್ ಪದ್ಧತಿಯಲ್ಲಿ. ಒಂಬತ್ತು ಇಂಚಿನ ಮಾಮೂಲಿ ಗೋಡೆಗಿಂತ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನಲ್ಲಿರುವ ಗಾಳಿ ಶಾಖವನ್ನು ತಡೆಯುತ್ತದೆ, ಗೋಡೆಯ ಮೈಯಲ್ಲಿ ರಾತ್ರಿಗೆಂದು ಉಳಿಯುವ ಕಾವೂ ಕಡಿಮೆ. ಮಂಚದ ಎತ್ತರಕ್ಕೆ ಎದುರು ಬದುರು ಕಿಟಕಿಗಳು, ಯಾಕೆಂದರೆ ಗಾಳಿ ಮೈಮೇಲೆ ಹಾಯಬೇಕೇ ಹೊರತು ತಲೆಯ ಮೇಲಿಂದ ಹೋದರೆ ಪ್ರಯೋಜನವಿಲ್ಲ.

ಛತ್ತುಗಳೂ ಹಾಗೆಯೇ ಬೇರೆಬೇರೆ. ತರಗತಿಯ ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಾರೆಯ ದಪ್ಪ ಹಾಸು ಹಾಕಿಸಿದ್ದರಿಂದ ಮಧ್ಯಾಹ್ನದ ಕಾವು ಕೆಳಗಿಳಿಯುವಷ್ಟರಲ್ಲಿ ಶಾಲೆ ಬಿಟ್ಟಿರುತ್ತದೆ. ನಿಲಯದ ಸ್ಲ್ಯಾಬಿಗೆ ಎರಡು ಇಂಚಿನ ಎಕ್ಸ್‌ಪಿಎಸ್ (ಶಾಖ ತಡೆಯುವ ಪ್ಲಾಸ್ಟಿಕ್ ನೊರೆಯ) ಹಲಗೆ, ಅದರ ಮೇಲೆ ಬಿಳಿ ಟೈಲ್ಸಿನ ಚೂರುಗಳ ಹೊದಿಕೆ. ಪ್ಲಾಸ್ಟಿಕ್ ನೊರೆಯನ್ನು ಬಳಸಿ ಸುಸ್ಥಿರ ಕಟ್ಟಡ ಎನ್ನುತ್ತೀರಲ್ಲ ಎಂದು ಮೂಗು ಮುರಿದವರಿದ್ದರು. ಬೋರಲು ಮಡಕೆಗಳ ಹಾಸನ್ನೂ ಪರಿಶೀಲಿಸಿದ್ದೆ. ಅಷ್ಟೇ ತಡೆ ಬರಬೇಕಾದರೆ ಛತ್ತಿನ ಭಾರ ಬಹಳ ಏರುತ್ತದೆ, ಆ ಭಾರವನ್ನು ಹೊರಲು ಕಬ್ಬಿಣವೂ ಸಿಮೆಂಟೂ ಹೆಚ್ಚು ಬೇಕು, ಅದರ ಅಡಿಯಲ್ಲಿರುವುದೋ ಆಳದ ಎರೆ. ತೂಗಿ ನೋಡಿದರೆ ನೊರೆಯ ಹಲಗೆಯೇ ಮೇಲೆನಿಸಿತು. ಸೌರ ಫಲಕಗಳನ್ನೂ ನಿಲಯದ ಛತ್ತಿನ ಮೇಲೆಯೇ ಕೂರಿಸಿದ್ದರಿಂದ ಅವುಗಳ ನೆರಳೂ ಲಾಭವಾಯಿತು.

ನೀರಿನ ವಿಷಯಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ವರ್ಷಕ್ಕೆ 750 ಮಿ.ಮೀ. ಆಸುಪಾಸು ಮಳೆ ಎಂದು ಹಿಡಿದರೆ, 500 ಚದರ ಮೀಟರ್ ಛತ್ತಿನಿಂದ, ಐದರಲ್ಲಿ ಒಂದು ಪಾಲು ಕಳೆದರೂ, ಮೂರು ಲಕ್ಷ ಲೀಟರ್ ಸಿಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗಿಂತ ಬಿಸಿಯೂಟದ ಬೇಳೆಗೆ ಇದೇ ಒಳ್ಳೆಯದು, ಬೇಗ ಬೇಯುತ್ತದೆ ಎಂದು ಅಡುಗೆಯವರೇ ಹೇಳುತ್ತಾರೆ. ತೊಟ್ಟಿಯನ್ನು ಮಾತ್ರ ನೆಲದೊಳಗೆ ಹೂಳದೆ, ಕಲ್ಲಿನ ಹಾಸಿನ ಕಡೆ ನೆಲದ ಮೇಲೆ ಕಟ್ಟಿಸಿದೆ. ಎರೆಯೊಳಗೆ ಹೂತ ತೊಟ್ಟಿ ಸೋರಲಾರಂಭಿಸಿದರೆ ಪಕ್ಕದ ಅಡಿಪಾಯವನ್ನು ಎತ್ತಿಬಿಡುತ್ತದೆ.

ಈಗ ಶಾಲೆಯವರಿಗೆ ಉಳಿದಿರುವ ವಾರ್ಷಿಕ ಕೆಲಸ ಒಂದೇ. ತರಗತಿಯ ಛತ್ತಿಗೆ ಪ್ರತಿ ಫೆಬ್ರುವರಿಯಲ್ಲಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಸೆಖೆ ಶುರುವಾಗುವ ಮುನ್ನ, ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೈ ಬಳಿಯಬೇಕು. ಜೂನ್‌ನಲ್ಲಿ ಬರುವ ಮೊದಲ ಮಳೆಗೆ ಇದರಲ್ಲಿ ಸ್ವಲ್ಪ ತೊಳೆದು ಹೋಗುತ್ತದೆಯಾದ್ದರಿಂದ, ತೊಟ್ಟಿಗೆ ಹೋಗುವ ಕೊಳವೆಯ ಕವಾಟವನ್ನು ಮುಚ್ಚಿ, ಇಳಿಯುವ ನೀರು ತಿಳಿಯಾಗುವವರೆಗೆ ಬೇವಿನ ಸಾಲಿನ ಕಡೆಗೆ ಬಿಡಬೇಕು.